ಐದನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟಮ್ಮ?

ಮೊನ್ನೆ ಸಂಜೆ ಮೊಮ್ಮಗಳು ಇಂಚರ ಊಟದ ಮೇಜಿನ ತುಂಬ ಪುಸ್ತಕ ಹರಡಿಕೊಂಡು ಕೂತಿದ್ದಳು. ನಾನು ಎದುರಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಅವಳು ತಲೆಯೆತ್ತದೆ, "ಅಜ್ಜಿ, ಐದನ್ನ ಝೀರೋ ಇಂದ ಡಿವೈಡ್ ಮಾಡಿದ್ರೆ ಎಷ್ಟು?" ಅಂದಳು. ನಾನೂ ತಲೆಯೆತ್ತದೆ, "ಉತ್ತರ ಇಲ್ಲ ಕಣೆ" ಅಂದೆ.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಆ ಲೆಕ್ಕಕ್ಕೆ ಅರ್ಥಾನೇ ಇಲ್ಲ."

ಅವಳು ನನ್ನ ಮುಖ ನೋಡಿದಳು, ಹುರುಳಿಕಾಯಿಯ ಬುಟ್ಟಿ ನೋಡಿದಳು, ಆಮೇಲೆ ಮೊಬೈಲ್ ಎತ್ತಿಕೊಂಡು ಟಕಟಕ ಒತ್ತಿದಳು. ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ ಎಂದು ಅದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು. "ಅರೆ ಅಜ್ಜೀ, ನೀನು ಹೇಳಿದ್ದು ಕರೆಕ್ಟು!" ಎಂದು ಮೆಚ್ಚಿಕೊಂಡಳು.

ಮೆಚ್ಚಿಕೊಂಡರೆ ಸಂತೋಷಪಡಬೇಕು ತಾನೆ? ನನಗೇಕೋ ಎದೆಯಲ್ಲಿ ಚುರುಕ್ ಎಂದಿತು. ಹುಡುಗಿ ಕೆಟ್ಟದ್ದೇನೂ ಮಾಡಲಿಲ್ಲ. ಅನುಮಾನ ಬಂದರೆ ನೋಡಿಕೊಳ್ಳಬೇಕು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಅದೂ ಅಲ್ಲದೆ ನಾನೇನು ಕಮ್ಮಿಯೇ? ನಮ್ಮ ಈ ಜೆ.ಪಿ. ನಗರದ ಮನೆಯಲ್ಲಿ ಯಾರು "ಗ್ಯಾಸ್ ಆಫ್ ಮಾಡಿದೀನಿ" ಅಂದರೂ ನಾನು ನಂಬುವವಳಲ್ಲ. ಎದ್ದು ಹೋಗಿ, ಒಲೆಯ ನಾಬ್ ಅನ್ನು ಕೈಯಿಂದ ಮುಟ್ಟಿ, ಬಗ್ಗಿ ಒಮ್ಮೆ ಮೂಸಿ ಬಂದರೇ ಸಮಾಧಾನ. ಹೇಳಿದವರು ಮಗನಾದರೂ ಅಷ್ಟೆ, ಸೊಸೆಯಾದರೂ ಅಷ್ಟೆ. ಸೊಸೆಗೆ ಇದರಿಂದ ಒಳಗೊಳಗೇ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತು. ಪಾಪ, ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಬಿಡುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಆದರೆ ಆ ಚುರುಕಿನ ಹಿಂದೆ ಒಬ್ಬ ಹುಡುಗಿ ಇದ್ದಾಳೆ. ಹೆಸರು ವಿಶಾಲಾಕ್ಷಿ. ನನಗೆ ಅತ್ತಿಗೆ ಆಗಬೇಕಾಗಿದ್ದವಳು, ಆಗಲಿಲ್ಲ. ಆಗದೆ ಹೋದದ್ದು ಇದೇ ಲೆಕ್ಕದಿಂದ. ನಿಮಗೆ ಬಿಡುವಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ನಾನು ಮಾತಿಗೆ ಕೂತರೆ ದಾರಿ ತಪ್ಪುವವಳು, ನೀವೇ ಕೈಹಿಡಿದು ವಾಪಸು ಕರೆತರಬೇಕು.

ಅರವತ್ತರ ದಶಕದ ಮೊದಮೊದಲು. ನಾವಿದ್ದದ್ದು ಹನುಮಂತನಗರದ ಮಗ್ಗುಲಿನ ಶ್ರೀನಗರದಲ್ಲಿ, ಕೆಂಪು ಗಾರೆ ನೆಲದ ಬಾಡಿಗೆ ಮನೆಯಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದು ಆಗಷ್ಟೇ ರಿಟೈರಾಗಿದ್ದರು. ಮೇಷ್ಟರುಗಿರಿ ಮುಗಿದಿತ್ತು ಅಷ್ಟೆ, ಮೇಷ್ಟರು ಹಾಗೇ ಇದ್ದರು. ಅವರಿಗೆ ಒಂದೇ ಒಂದು ಮಂತ್ರ: ತಾಳೆ. ಕೂಡಿದ್ದನ್ನು ಕಳೆದು ನೋಡಬೇಕು, ಭಾಗಿಸಿದ್ದನ್ನು ಗುಣಿಸಿ ನೋಡಬೇಕು. ಆರನ್ನು ಎರಡರಿಂದ ಭಾಗಿಸಿದರೆ ಮೂರು ಬಂತೋ? ಮೂರನ್ನು ಎರಡರಿಂದ ಗುಣಿಸು, ಆರು ವಾಪಸು ಬಂದರೆ ಉತ್ತರ ಸರಿ, ಬರದಿದ್ದರೆ ತಪ್ಪು. "ತಾಳೆ ನೋಡದ ಲೆಕ್ಕ, ಉಪ್ಪು ನೋಡದ ಹುಳಿ" ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದರಂತೆ. ಮನೆಯಲ್ಲಂತೂ ಅಮ್ಮ ಹುಳಿ ಬಡಿಸುವಾಗಲೇ ಹೇಳುತ್ತಿದ್ದರು, ಅದಕ್ಕೇ ಅಮ್ಮನಿಗೆ ಆ ಗಾದೆ ಕಂಡರೆ ಆಗುತ್ತಿರಲಿಲ್ಲ.

ಇಂಥ ಅಪ್ಪನಿಗೆ ಒಂದು ಲೆಕ್ಕದ ಮೇಲೆ ಮಾತ್ರ ಭಕ್ತಿ. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಬರುವುದು ಅನಂತ ಎಂದು ಅವರ ಮೇಷ್ಟರು ಅವರಿಗೆ ಹೇಳಿದ್ದರು, ಇವರು ಬದುಕಿಡೀ ಮಕ್ಕಳಿಗೆ ಹೇಳಿದ್ದರು. ವಿವರಿಸುವ ರೀತಿಯೂ ಚೆನ್ನಾಗಿತ್ತು. "ಐದು ಸೇರು ಅಕ್ಕಿ ಇದೆ. ಸೇರಲ್ಲಿ ಅಳೆದ್ರೆ ಐದು ಸಲ. ಪಾವಲ್ಲಿ ಅಳೆದ್ರೆ ಇಪ್ಪತ್ತು ಸಲ. ಅರೆಪಾವಲ್ಲಿ? ನಲವತ್ತು. ಅಳೆಯೋ ಪಾತ್ರೆ ಚಿಕ್ಕದಾದಷ್ಟೂ ಲೆಕ್ಕ ದೊಡ್ಡದಾಗ್ತಾ ಹೋಗತ್ತೆ. ಪಾತ್ರೆ ಸೊನ್ನೆ ಆದಾಗ?" ಎಂದು ನಿಲ್ಲಿಸಿ, ಬಲಗೈಯನ್ನು ಮೇಲಕ್ಕೆತ್ತಿ, ದನಿ ಬದಲಾಯಿಸಿ, "ಅನಂತ!" ಅನ್ನುತ್ತಿದ್ದರು. ಆಗ ನಾವೆಲ್ಲ ಮೇಲಕ್ಕೆ ನೋಡುತ್ತಿದ್ದೆವು. ಮೇಲೆ ಹೆಂಚಿನ ಸಂದಿಯಲ್ಲಿ ಜೇಡರಬಲೆ ಇರುತ್ತಿತ್ತು.

ಅಣ್ಣನಿಗೆ ಹೆಣ್ಣು ನೋಡುವ ಕಾಲ ಬಂದಾಗ ಈ ಲೆಕ್ಕ ಮನೆಯಿಂದಾಚೆ ಹೊರಟಿತು. ಆಗಿನ ಹೆಣ್ಣು ನೋಡುವ ಶಾಸ್ತ್ರ ನಿಮಗೆ ಗೊತ್ತಿರಬಹುದು. ಉಪ್ಪಿಟ್ಟು, ಕೇಸರಿಬಾತು, ಹುಡುಗಿಯಿಂದ ಒಂದು ದೇವರನಾಮ. ನಡೆ ನೋಡಲು ನೀರು ತರಿಸುವುದು, ಕಣ್ಣು ನೋಡಲು ಪೇಪರಿನ ನಾಲ್ಕು ಸಾಲು ಓದಿಸುವುದು. ಇದೆಲ್ಲ ಅಮ್ಮನ ಇಲಾಖೆ. ಅದು ಮುಗಿದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ಕೇಳುತ್ತಿದ್ದರು: "ಐದನ್ನ ಸೊನ್ನೆಯಿಂದ ಭಾಗಿಸಿದ್ರೆ ಎಷ್ಟಮ್ಮ?"

ಚಾಮರಾಜಪೇಟೆಯ ಒಬ್ಬಳು ಅತ್ತುಬಿಟ್ಟಳು. ಬಸವನಗುಡಿಯ ಒಬ್ಬಳು ಸೊನ್ನೆ ಅಂದಳು, ಅದು ಫೇಲು. "ಗೊತ್ತಿಲ್ಲ" ಅಂದವರಿಗೆ ಕ್ಷಮೆ ಇತ್ತು, ವಿನಯಕ್ಕೆ ಅಪ್ಪ ಅರ್ಧ ಮಾರ್ಕು ಕೊಡುತ್ತಿದ್ದರು. ಯಾರೋ ಒಬ್ಬಳು, "ಏನೂ ಇಲ್ಲದ್ರಿಂದ ಭಾಗಿಸಿದ್ರೆ ಏನೂ ಆಗಲ್ಲ, ಐದು ಐದೇ" ಅಂದಿದ್ದಳು. ಅಪ್ಪ ದಾರಿಯುದ್ದಕ್ಕೂ ನಗುತ್ತ ಬಂದರು. ಆ ಸಂಬಂಧಗಳೆಲ್ಲ ಜಾತಕದಲ್ಲೋ ಮತ್ತೊಂದರಲ್ಲೋ ತಪ್ಪಿಹೋದವು, ಲೆಕ್ಕದಿಂದ ತಪ್ಪಿದ್ದು ಯಾವುದೂ ಇರಲಿಲ್ಲ. ಅಣ್ಣ ಎಲ್ಲಕ್ಕೂ ತಲೆಯಾಡಿಸಿಕೊಂಡು ಬರುತ್ತಿದ್ದ. ಅವನು ಸರ್ಕಾರಿ ಆಫೀಸೊಂದರ ಅಂಕಿಅಂಶ ವಿಭಾಗದಲ್ಲಿ ಗುಮಾಸ್ತ. ಸ್ವಭಾವ ಎಂಥದ್ದೆಂದರೆ, ಹೋಟೆಲಿನಲ್ಲಿ ಮಸಾಲೆದೋಸೆ ಕೇಳಿದಾಗ ಸಾದಾದೋಸೆ ತಂದಿಟ್ಟರೆ ಅದನ್ನೇ ತಿಂದು, ಚೆನ್ನಾಗಿತ್ತು ಎಂದು ಹೇಳಿ ಬರುವವನು.

ವಿಶಾಲಾಕ್ಷಿಯ ಮನೆ ಜಯನಗರದಲ್ಲಿತ್ತು. ಈಗ ಜಯನಗರ ಅಂದರೆ ಊರಿನ ನಡುಮಧ್ಯ. ಆಗ ಅದು ಊರಾಚೆ. ಸೌತ್ ಎಂಡಿನವರೆಗೆ ಜಟಕಾದಲ್ಲಿ ಬಂದು ಅಲ್ಲಿಂದ ನಡೆದೆವು. ಅಳತೆ ಮಾಡಿ ಕಲ್ಲು ನೆಟ್ಟ ಸೈಟುಗಳು, ಕಲ್ಲಿನ ನಡುವೆ ಹಿಂದಿನ ವರ್ಷದ ರಾಗಿಯ ಕೂಳೆ, ಎಲ್ಲೋ ದೂರ ದೂರಕ್ಕೆ ಒಂದೊಂದು ಹೊಸ ಮನೆ, ಮೈಮೇಲಿನ ಸೆರಗು ನಿಲ್ಲದಂಥ ಗಾಳಿ. ಅಪ್ಪನಿಗೂ ಆ ಕಡೆ ಒಂದು ಸೈಟು ಸಿಗುವ ಹಾಗಿತ್ತು. "ನರಿ ಕೂಗೋ ಜಾಗ, ಯಾರಿಗೆ ಬೇಕು?" ಎಂದು ಬಿಟ್ಟಿದ್ದರು. ಆ ಒಂದು ವಾಕ್ಯದ ಬೆಲೆಯನ್ನು ಈಗ ಲೆಕ್ಕ ಹಾಕಿದರೆ ಅಳು ಬರುತ್ತದೆ, ಅದಕ್ಕೇ ಹಾಕುವುದಿಲ್ಲ. ಇರಲಿ, ದಾರಿ ತಪ್ಪಿದೆ, ಮನೆ ಆ ಕಡೆ ಇದೆ.

ಹುಡುಗಿಯ ತಂದೆ ಬಾಗಿಲಲ್ಲೇ ಕೈಮುಗಿದು ನಿಂತಿದ್ದರು. ಸಾಧು ಮನುಷ್ಯ. ಈ ಮಗಳ ಕೆಳಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳದ್ದು ಮುಗಿಯದೆ ಮಿಕ್ಕವರದ್ದು ಆಗುವ ಹಾಗಿಲ್ಲ. ಸರ್ಕಾರಿ ನೌಕರಿಯ ಹುಡುಗ ಮನೆಬಾಗಿಲಿಗೆ ಬಂದಿದ್ದಾನೆ, ಇದು ತಪ್ಪಿದರೆ ಮುಂದೇನು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ವಿಶಾಲಾಕ್ಷಿ ಬಿ.ಎಸ್ಸಿ. ಮುಗಿಸಿದ್ದಳು, ಅದೂ ಲೆಕ್ಕ ತೆಗೆದುಕೊಂಡು. ಕನ್ನಡಕದ ಹುಡುಗಿಯರು ಇಂಥ ದಿನ ಕನ್ನಡಕ ತೆಗೆದಿಟ್ಟು, ಬಾಗಿಲವಾಡ ತಡವರಿಸಿಕೊಂಡು ಬರುವುದು ಆಗಿನ ಪದ್ಧತಿ. ಇವಳು ಹಾಕಿಕೊಂಡೇ ಬಂದಳು. ತಟ್ಟೆ ಕೊಡುವಾಗ ಅಣ್ಣನನ್ನು ನೇರವಾಗಿ ನೋಡಿದಳು. ಅಣ್ಣನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅವನ ತಂಗಿಯಾಗಿ ಹೇಳುತ್ತೇನೆ, ಅವನು ಆ ಗಳಿಗೆಯಲ್ಲೇ ಬಿದ್ದುಹೋದ.

ನನಗೂ ಅವಳು ತುಂಬ ಹಿಡಿಸಿದಳು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಏನ್ ಓದ್ತಿದೀಯಾ? ಕೆಮಿಸ್ಟ್ರಿ ಮೇಡಂ ಇನ್ನೂ ಹಾಗೇ ಬೈತಾರಾ?" ಎಂದು ಮೆಲ್ಲಗೆ ಕೇಳಿದಳು. ಅವಳು ಓದಿದ ಕಾಲೇಜಿನಲ್ಲೇ ನಾನು ಆಗ ಓದುತ್ತಿದ್ದೆ. ಇವಳು ನಮ್ಮ ಮನೆಗೆ ಬಂದರೆ ಎಷ್ಟು ಚೆನ್ನ ಎಂದು ಕೇಸರಿಬಾತು ಮುಗಿಯುವುದರೊಳಗೆ ನಾನು ನಿಶ್ಚಯ ಮಾಡಿಬಿಟ್ಟಿದ್ದೆ.

ಹಾಡು ಮುಗಿಯಿತು. ಅಪ್ಪ ಗಂಟಲು ಸರಿಮಾಡಿಕೊಂಡರು. "ಲೆಕ್ಕ ಓದಿದ ಹುಡುಗಿ, ನಿನಗೆ ಇದು ಸುಲಭ. ಐದನ್ನ ಸೊನ್ನೆಯಿಂದ ಭಾಗಿಸಿದ್ರೆ ಎಷ್ಟಮ್ಮ?"

"ಅದಕ್ಕೆ ಉತ್ತರ ಇಲ್ಲ ಸಾರ್."

ಅಪ್ಪ ದೊಡ್ಡ ಮನಸ್ಸು ಮಾಡಿ ನಕ್ಕರು. "ಗೊತ್ತಿಲ್ಲ ಅನ್ನು ಮಗು, ತಪ್ಪೇನಿಲ್ಲ."

"ಗೊತ್ತಿದೆ ಸಾರ್. ಉತ್ತರ ಇಲ್ಲ ಅಂತ ಗೊತ್ತಿದೆ."

ಅಪ್ಪ ತಮ್ಮ ಅಕ್ಕಿ, ಸೇರು, ಪಾವು ಎಲ್ಲ ತೆಗೆದರು. ಪಾತ್ರೆ ಚಿಕ್ಕದಾಯಿತು, ಲೆಕ್ಕ ದೊಡ್ಡದಾಯಿತು, ಕೈ ಮೇಲೆ ಹೋಯಿತು, "ಅನಂತ" ಅಂದರು. ಅವಳು ಮೇಲೆ ನೋಡಲಿಲ್ಲ. ಅಪ್ಪನ ಮುಖವನ್ನೇ ನೋಡಿಕೊಂಡು, ಗೌರವದಿಂದಲೇ ಹೇಳಿದಳು: "ಪಾತ್ರೆ ಚಿಕ್ಕದಾಗೋದು ಬೇರೆ, ಇಲ್ಲದೇ ಹೋಗೋದು ಬೇರೆ ಸಾರ್. ಎಷ್ಟೇ ಚಿಕ್ಕ ಪಾತ್ರೆ ಆದ್ರೂ ಒಂದೊಂದು ಸಲಾನೂ ಸ್ವಲ್ಪ ಅಕ್ಕಿ ಹೊರಗೆ ಬರತ್ತೆ, ಒಂದಲ್ಲ ಒಂದು ದಿನ ಡಬ್ಬ ಖಾಲಿ ಆಗತ್ತೆ. ಸೊನ್ನೆ ಪಾತ್ರೇಲಿ ಎಷ್ಟು ಅಳೆದ್ರೂ ಡಬ್ಬದಲ್ಲಿ ಐದು ಸೇರು ಹಾಗೇ ಕೂತಿರತ್ತೆ. ಅಳತೆ ಮುಗಿಯೋದೇ ಇಲ್ಲ. ಮುಗೀದೇ ಇರೋ ಅಳತೇನ ಎಷ್ಟು ಸಲ ಅಂತ ಹೇಗೆ ಹೇಳೋದು?"

"ಮುಗಿಯೋದಿಲ್ಲ ಅನ್ನೋದಕ್ಕೇ ಅನಂತ ಅನ್ನೋದು!"

"ಹಾಗಾದ್ರೆ ತಾಳೆ ನೋಡೋಣ ಸಾರ್. ಅನಂತಾನ ಸೊನ್ನೆಯಿಂದ ಗುಣಿಸಿದ್ರೆ ಐದು ವಾಪಸ್ ಬರಬೇಕಲ್ವಾ? ಬರತ್ತಾ? ಬರತ್ತೆ ಅಂತಾನೇ ಇಟ್ಕೊಳ್ಳಿ. ಆರನ್ನ ಸೊನ್ನೆಯಿಂದ ಭಾಗಿಸಿದ್ರೂ ಅನಂತಾನೇ ಅಂತೀರಿ. ಆಗ ಅದೇ ಗುಣಾಕಾರ ಆರನ್ನೂ ಕೊಡಬೇಕು. ಐದೂ ಆರೂ ಒಂದೇ ಅಂತ ಆಗೋಗತ್ತೆ."

ತಾಳೆ! ಆ ಮಾತು ಅವಳಿಗೆ ಹೇಗೆ ಹೊಳೆಯಿತೋ. ಅಪ್ಪನ ಜೀವಮಾನದ ಮಂತ್ರವನ್ನು ಅಪ್ಪನಿಗೇ ಓದಿಸಿದಳು. ಅಪ್ಪನ ಮುಖ ಕೆಂಪಗಾಯಿತು. ಅಮ್ಮ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡಿದರು. ಹುಡುಗಿಯ ತಂದೆ, "ಮೇಷ್ಟ್ರು ಹೇಳ್ತಿದಾರಲ್ಲಮ್ಮ, ಹೌದು ಅಂದ್ಬಿಡು" ಅಂದರು. ಅವಳು ತಂದೆಯ ಕಡೆ ತಿರುಗಿ, "ಹೌದು ಅಂದ್ರೆ ಹೌದಾಗತ್ತಾ ಅಪ್ಪ?" ಎಂದು ಕೇಳಿದಳು. ಸೊಕ್ಕಿನಿಂದ ಕೇಳಿದ್ದಲ್ಲ, ಅದು ನಿಜವಾದ ಪ್ರಶ್ನೆ. ಆಮೇಲೆ ಒಂದು ಸಲ, ಒಂದೇ ಒಂದು ಸಲ, ಅಣ್ಣನ ಕಡೆ ನೋಡಿದಳು. ಅಂಕಿಅಂಶದಲ್ಲೇ ಮುಳುಗಿರುವ ಮನುಷ್ಯ, ಇವನಿಗೆ ಗೊತ್ತಿರುತ್ತದೆ, ಏನಾದರೂ ಹೇಳುತ್ತಾನೆ ಎಂದುಕೊಂಡಳೋ ಏನೋ. ಅಣ್ಣನಿಗೆ ಗೊತ್ತಿತ್ತು. ತಟ್ಟೆಯಲ್ಲಿದ್ದ ದ್ರಾಕ್ಷಿಯನ್ನು ಚಮಚದಿಂದ ಅತ್ತಿತ್ತ ಸರಿಸಿದ, ಮಾತಾಡಲಿಲ್ಲ.

ವಾಪಸು ಬರುವಾಗ ಗಾಳಿಗಿಂತ ಜೋರಾಗಿ ಅಪ್ಪ ಮಾತಾಡಿದರು. "ಗೊತ್ತಿಲ್ಲ ಅಂತ ಒಪ್ಕೊಳ್ಳೋ ವಿನಯ ಇಲ್ಲ. ಹಿರಿಯರ ಎದುರಿಗೆ ವಾದ. ನಾಳೆ ನಮ್ಮನೆಗೆ ಬಂದು ಇನ್ನೇನು ಹೇಳ್ತಾಳೋ. ಬೇಡ, ಈ ಸಂಬಂಧ ಬೇಡ." ಅಮ್ಮ, "ಹುಡುಗಿ ಲಕ್ಷಣವಾಗಿದ್ಲು" ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಅಣ್ಣ ಎಲ್ಲರಿಗಿಂತ ಹಿಂದೆ, ಕಲ್ಲು ಒದೆಯುತ್ತ ಬರುತ್ತಿದ್ದ.

ಅವನಿಗೆ ಊಟ ಸೇರದಾಯಿತು. ಅಮ್ಮ ದೃಷ್ಟಿ ತೆಗೆದರು. "ಅಪ್ಪಾ, ನನಗೆ ಆ ಹುಡುಗಿ ಬೇಕು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಸಾಲೆದೋಸೆಯನ್ನೇ ಕೇಳಿ ಪಡೆಯಲಾರದವನು ಹೆಂಡತಿಯನ್ನು ಹೇಗೆ ಕೇಳಿಯಾನು? ಕೆಲವು ವಾರ ಕಳೆದ ಮೇಲೆ ಒಂದು ದಿನ ಪೇಪರು ಓದುತ್ತಿದ್ದ ಅಪ್ಪನ ಎದುರು ನಿಂತು, "ಅಪ್ಪಾ, ನಮ್ಮ ಆಫೀಸಿಗೆ ಲೆಕ್ಕ ಮಾಡೋ ಹೊಸ ಮೆಷಿನ್ ಬಂದಿದೆ. ಶನಿವಾರ ಅರ್ಧ ದಿನ. ಎಲ್ಲಾ ಹೋದ ಮೇಲೆ ಬಂದು ನೋಡ್ತೀರಾ? ಸಾಹೇಬ್ರನ್ನ ಕೇಳಿದೀನಿ" ಅಂದ. ಅವನು ಬದುಕಿನಲ್ಲಿ ಬರೆದ ಪ್ರೇಮಪತ್ರ ಅಂದರೆ ಅದೊಂದೇ. ನನಗೆ ತಕ್ಷಣ ಅರ್ಥವಾಯಿತು. ನಾನೂ ಬರುತ್ತೇನೆ ಎಂದು ಹೊರಟೆ.

ಈಗಿನ ಮಕ್ಕಳಿಗೆ ಆ ಮೆಷಿನನ್ನು ವಿವರಿಸುವುದು ಕಷ್ಟ. ಕಬ್ಬಿಣದ ಗಟ್ಟಿ ಪೆಟ್ಟಿಗೆ, ಮುಂದೆ ಅಂಕಿಗಳ ಕಿಟಕಿಗಳು, ಬಲಗಡೆ ತಿರುಗಿಸುವ ಒಂದು ಹಿಡಿ. ವಿದ್ಯುತ್ತಿಲ್ಲ, ಕೈಯಿಂದಲೇ ತಿರುಗಿಸಬೇಕು. ಆ ಕಡೆ ತಿರುಗಿಸಿದರೆ ಕೂಡುತ್ತದೆ, ಈ ಕಡೆ ತಿರುಗಿಸಿದರೆ ಕಳೆಯುತ್ತದೆ. ಭಾಗಾಕಾರ ಅಂದರೆ ಅದರ ಪಾಲಿಗೆ ಮತ್ತೆ ಮತ್ತೆ ಕಳೆಯುವುದು, ಅಷ್ಟೆ. ಆರರಲ್ಲಿ ಎರಡನ್ನು ಕಳೆಯುತ್ತ ಹೋಗಿ. ನಾಲ್ಕಾಯಿತು, ಎರಡಾಯಿತು, ಸೊನ್ನೆಯಾಯಿತು. ಇನ್ನೊಂದು ಸುತ್ತು ತಿರುಗಿಸಿದರೆ ಕಳೆಯಲು ಏನೂ ಉಳಿದಿಲ್ಲ, ಆಗ ಒಳಗಿನಿಂದ "ಟಣ್" ಎಂದು ಒಂದು ಗಂಟೆ ಹೊಡೆಯುತ್ತದೆ. ಸಾಕು, ಜಾಸ್ತಿಯಾಯಿತು ಎಂದು ಅರ್ಥ. ಒಂದು ಸುತ್ತು ವಾಪಸು ತಿರುಗಿಸಿದರೆ ಎಷ್ಟು ಸಲ ಕಳೆದಿರಿ ಎಂದು ಇನ್ನೊಂದು ಕಿಟಕಿಯಲ್ಲಿ ಕಾಣುತ್ತದೆ. ಅದೇ ಉತ್ತರ. ಅದು ಬಂದ ಮೇಲೆ ಅಣ್ಣನ ಆಫೀಸಿನ ಕೆಲಸವೆಲ್ಲ ಕಿವಿಯ ಮೇಲೆ ನಡೆಯುತ್ತಿತ್ತು. ಗಂಟೆ ಹೊಡೆಯುವವರೆಗೆ ತಿರುಗಿಸುವುದು, ಹೊಡೆದ ಮೇಲೆ ಒಂದು ಸುತ್ತು ವಾಪಸು. ಅವನಿಗೆ ಸಾಲಾಗಿ ಮೆಷಿನ್ ಇಟ್ಟರೂ ತನ್ನ ಗಂಟೆ ಯಾವುದು ಎಂದು ಗೊತ್ತಾಗುತ್ತಿತ್ತಂತೆ.

ಅಪ್ಪ ಮಗುವಿನಂತೆ ಆಡಿದರು. ಆರು ಭಾಗಿಸು ಎರಡು, ಟಣ್. ನೂರು ಭಾಗಿಸು ಏಳು, ಟಣ್. ಪ್ರತಿಯೊಂದನ್ನೂ ಗುಣಿಸಿ ತಾಳೆ ನೋಡಿ, "ಭೇಷ್, ಭೇಷ್" ಅಂದರು. ಅಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ, ಹಣೆಯ ಮೇಲೆ ಬೆವರು. ಕೊನೆಗೆ ಎಲ್ಲೋ ಗೋಡೆಯನ್ನು ನೋಡುತ್ತ, "ಐದನ್ನ ಸೊನ್ನೆಯಿಂದ ಮಾಡಿ ನೋಡಿ ಅಪ್ಪ" ಅಂದ.

ಅಪ್ಪ ಅವನನ್ನು ಒಮ್ಮೆ ನೋಡಿದರು. ಐದನ್ನು ಇಟ್ಟರು. ಕಳೆಯುವ ಕಡೆ ಸೊನ್ನೆ ಇಟ್ಟರು. ಹಿಡಿಯನ್ನು ತಿರುಗಿಸಿದರು. ಐದು ಐದಾಗಿಯೇ ಇತ್ತು. ಇನ್ನೊಂದು ಸುತ್ತು, ಐದು. ಇನ್ನೊಂದು, ಐದು. ಎಣಿಕೆಯ ಕಿಟಕಿಯಲ್ಲಿ ಮಾತ್ರ ಅಂಕಿಗಳು ಉರುಳುತ್ತಿದ್ದವು, ಈ ಕಡೆ ಏನೂ ಕಡಿಮೆಯಾಗುತ್ತಿರಲಿಲ್ಲ. ಅಪ್ಪ ಕೋಟು ತೆಗೆದು ಕುರ್ಚಿಯ ಮೇಲೆ ಹಾಕಿ ಮತ್ತೆ ತಿರುಗಿಸಿದರು. ಖಾಲಿ ಆಫೀಸಿನಲ್ಲಿ ಗರಗರ ಎನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ನಾನು ಗಂಟೆಗಾಗಿ ಕಾದೆ. ಹೊಡೆಯಬಾರದು ಎಂದು ಹರಸಿಕೊಂಡೂ ಕಾದೆ. ಅಪ್ಪನ ತೋಳು ಸೋತಿತು. ಹಿಡಿ ಬಿಟ್ಟು ಕೂತರು.

"ಡಬ್ಬದಲ್ಲಿ ಅಕ್ಕಿ ಹಾಗೇ ಇದೆ" ಅಂದರು.

ಅದು ವಿಶಾಲಾಕ್ಷಿಯ ಮಾತು. ಅವರಿಗೆ ಅಷ್ಟು ದಿನವೂ ಅದು ನೆನಪಿತ್ತು ಎಂದು ಆಗ ಗೊತ್ತಾಯಿತು. "ಇಷ್ಟು ವರ್ಷ ಈ ಒಂದು ಲೆಕ್ಕಕ್ಕೆ ನಾನು ತಾಳೆ ನೋಡಲಿಲ್ಲ ನೋಡು. ಎಷ್ಟು ಮಕ್ಕಳಿಗೆ ಹೇಳಿದೆ" ಅಂದರು. ಕರ್ಚೀಫಿನಿಂದ ಮುಖ ಒರೆಸಿಕೊಂಡು ಎದ್ದು, "ಭಾನುವಾರ ಜಯನಗರಕ್ಕೆ ಹೋಗಿಬರೋಣ" ಅಂದರು. ಅಣ್ಣ ಮೆಷಿನಿಗೆ ಹೊದಿಕೆ ಹಾಕುವ ನೆಪದಲ್ಲಿ ಆ ಕಡೆ ತಿರುಗಿಕೊಂಡ. ಅವನ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಾಣುತ್ತಿತ್ತು.

ಗಂಡಿನ ತಂದೆ ತಾನಾಗಿ ಎರಡನೇ ಸಲ ಹೆಣ್ಣಿನ ಮನೆಗೆ ಹೋಗುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಅಪ್ಪ ಜರಿಪೇಟ ಸುತ್ತಿಕೊಂಡು, ಅಮ್ಮನ ಕೈಯಲ್ಲಿ ಹೂವು ಹಣ್ಣು ಹಿಡಿಸಿಕೊಂಡು ಹೊರಟರು. ಅಣ್ಣ ಬರಲಿಲ್ಲ. "ನೀವೇ ಮಾತಾಡಿ" ಅಂದ. ನಾನು ಹೋದೆ. ಒಳಗೆ ಕೂತ ಕೂಡಲೇ ಅಪ್ಪ ಪೀಠಿಕೆಯಿಲ್ಲದೆ ಹೇಳಿದರು: "ಅಮ್ಮಾ ವಿಶಾಲಾಕ್ಷಿ, ನೀನು ಹೇಳಿದ್ದು ಸರಿ. ನನ್ನದು ತಪ್ಪು. ನಮ್ಮ ಹುಡುಗನಿಗೆ ನಿನ್ನನ್ನ ಕೇಳೋಕೆ ಬಂದಿದೀವಿ." ಹುಡುಗಿಯ ತಂದೆಯ ಕಣ್ಣಲ್ಲಿ ನೀರು ಬಂತು. ಒಳಗೆ ಅವಳ ತಾಯಿ ಸಕ್ಕರೆ ಡಬ್ಬ ತೆಗೆದ ಸದ್ದು ಕೇಳಿಸಿತು.

ವಿಶಾಲಾಕ್ಷಿಗೂ ಸಂತೋಷವಾಗಿತ್ತು, ಮುಚ್ಚಿಡುವ ಸ್ವಭಾವ ಅವಳದ್ದಲ್ಲ. "ಹೇಗೆ ಗೊತ್ತಾಯ್ತು ಸಾರ್?" ಎಂದು ಕೇಳಿದಳು. ಅಪ್ಪ ಮೆಷಿನಿನ ಕಥೆಯನ್ನೆಲ್ಲ ಕೈ ತಿರುಗಿಸಿ ತಿರುಗಿಸಿ ಹೇಳಿದರು. ಅವಳು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿ ಕೇಳಿದಳು. "ಹಾಗಾದ್ರೆ ಸೊನ್ನೆಯನ್ನೇ ಸೊನ್ನೆಯಿಂದ ಭಾಗಿಸಿದ್ರೆ?" ಎಂದು ಅಪ್ಪ ವಿದ್ಯಾರ್ಥಿಯ ಹಾಗೆ ಕೇಳಿದರು. "ಅದು ಇನ್ನೂ ತಮಾಷೆ ಸಾರ್. ಏಳು ಅಂದ್ರೂ ತಾಳೆ ಆಗತ್ತೆ, ಎಪ್ಪತ್ತು ಅಂದ್ರೂ ತಾಳೆ ಆಗತ್ತೆ. ಏನನ್ನ ಸೊನ್ನೆಯಿಂದ ಗುಣಿಸಿದ್ರೂ ಸೊನ್ನೇನೇ ತಾನೆ? ಎಲ್ಲಾನೂ ಸರಿ ಅಂದ್ರೆ ಯಾವುದನ್ನ ಉತ್ತರ ಅನ್ನೋದು? ಐದಕ್ಕೆ ಉತ್ತರಾನೇ ಸಿಗಲ್ಲ, ಸೊನ್ನೆಗೆ ಬೇಡ ಅಂದಷ್ಟು ಸಿಗತ್ತೆ. ಅದಕ್ಕೇ ಲೆಕ್ಕದೋರು ಈ ಬಾಗಿಲು ಮುಚ್ಚಿಟ್ಟಿರೋದು." ಇಬ್ಬರೂ ನಕ್ಕರು. ಮಾವ ಸೊಸೆ ಆಗಲೇ ಆಗಿಹೋದರು ಎಂದು ನಾನು ಅಂದುಕೊಂಡೆ.

ಕಾಫಿ ಬಂತು. ಅವಳು ಲೋಟ ಕೈಗೆ ಕೊಟ್ಟು, "ಒಂದು ಮಾತು ಕೇಳಲಾ ಸಾರ್? ತಪ್ಪು ತಿಳ್ಕೋಬೇಡಿ" ಅಂದಳು.

"ಕೇಳಮ್ಮ."

"ಆ ಮೆಷಿನ್ ಗಂಟೆ ಹೊಡೆದಿದ್ರೆ?"

ಅಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ. ಲೋಟ ಹಿಡಿದುಕೊಂಡು ಯೋಚಿಸಿ, "ಹೊಡೆದಿದ್ರೆ ಬರ್ತಿರಲಿಲ್ಲ" ಅಂದರು.

ಅವಳು ತಲೆದೂಗಿದಳು. ಆಮೇಲೆ ಹೇಳಿದಳು: "ಅದೇ ಮಾತು ಅವತ್ತು ನಾನು ಹೇಳಿದೆ, ಕಾರಣಾನೂ ಹೇಳಿದೆ. ಸೊಕ್ಕು ಅಂತ ಎದ್ದು ಹೋದ್ರಿ. ಇವತ್ತು ಕಬ್ಬಿಣದ ಪೆಟ್ಟಿಗೆ ಹೇಳ್ತು, ಒಪ್ಕೊಂಡ್ರಿ. ನೀವು ಒಪ್ಪಿರೋದು ನನ್ನನ್ನಲ್ಲ ಸಾರ್, ಆ ಪೆಟ್ಟಿಗೇನ. ನಾಳೆ ಆ ಮನೇಲಿ ನಾನು ಹೇಳೋ ಮಾತಿಗೆಲ್ಲ ಮೆಷಿನ್ ಎಲ್ಲಿಂದ ತರ್ಲಿ? ಹೊಟ್ಟೆನೋವು ಅಂತೀನಿ, ಬೇಜಾರಾಗಿದೆ ಅಂತೀನಿ. ಅದಕ್ಕೆಲ್ಲ ಗಂಟೆ ಇರತ್ತಾ?" ದನಿ ಒಂದಿಷ್ಟೂ ಏರಿರಲಿಲ್ಲ. "ನಿಮ್ಮ ಮಗನಿಗೆ ಅವತ್ತೇ ಗೊತ್ತಿತ್ತು. ಮುಖ ನೋಡಿದ್ರೆ ತಿಳೀತಿತ್ತು. ಒಂದು ಮಾತು ಆಡ್ಲಿಲ್ಲ. ಇವತ್ತು ಬರ್ಲೂ ಇಲ್ಲ. ನನಗೆ ಈ ಸಂಬಂಧ ಬೇಡ ಸಾರ್."

ಒಳಗೆ ಅವಳ ತಾಯಿ ಅಳತೊಡಗಿದರು. ತಂದೆ ಎದ್ದು ನಿಂತು ಏನೋ ಹೇಳಲು ಹೋದರು, ಅಪ್ಪ ಕೈಸನ್ನೆಯಿಂದ ತಡೆದರು. ನನಗೂ ಅಳು ಬಂತು, ತಡೆಯಲು ಆಗಲಿಲ್ಲ. ಅವಳು ನನ್ನ ಹತ್ತಿರ ಬಂದು ತಲೆ ಸವರಿದಳು. ಅವಳ ಕೈ ತಣ್ಣಗಿತ್ತು. ಅಷ್ಟೂ ಹೊತ್ತು ಅವಳಿಗೂ ಹೆದರಿಕೆಯಿತ್ತು ಎಂದು ಆಗ ತಿಳಿಯಿತು. ಕೆಳಗೆ ಇಬ್ಬರು ತಂಗಿಯರನ್ನು ಇಟ್ಟುಕೊಂಡು ಹೇಳಿದ ಮಾತು ಅದು.

ಸೈಟುಗಳ ನಡುವೆ ವಾಪಸು ಬರುವಾಗ ಅಮ್ಮ ಗೊಣಗುತ್ತಿದ್ದರು: ಜಂಬ, ಓದು ಜಾಸ್ತಿಯಾದರೆ ಹೀಗೇ, ನಾವು ತಂದ ಹೂವೂ ವಾಪಸು ಇಸ್ಕೊಳ್ಳಲಿಲ್ಲ ನೋಡಿ. ಸೌತ್ ಎಂಡಿನಲ್ಲಿ ಜಟಕಾಕ್ಕೆ ಕಾಯುವಾಗ ಅಪ್ಪ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಆ ಹುಡುಗಿ ನಮ್ಮ ಮನೇನ ತಾಳೆ ನೋಡಿದ್ಲು ಕಣೆ. ಆಗ್ಲಿಲ್ಲ" ಎಂದು ನನಗೆ ಮಾತ್ರ ಕೇಳಿಸುವಂತೆ ಅಂದರು.

ಅಣ್ಣನಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು. ಅತ್ತಿಗೆ ಒಳ್ಳೆಯವಳು, ಚೆನ್ನಾಗಿ ಹಾಡುತ್ತಿದ್ದಳು, ಅಣ್ಣ ಸುಖವಾಗಿಯೇ ಇದ್ದ. ಆ ಹೆಣ್ಣನ್ನು ನೋಡಲು ಹೋದಾಗ ಅಪ್ಪ ಲೆಕ್ಕ ಕೇಳಲಿಲ್ಲ. ವಿಶಾಲಾಕ್ಷಿ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ತಂಗಿಯರಿಬ್ಬರಿಗೂ ಮದುವೆಯಾಯಿತು ಎಂದು ಯಾರೋ ಹೇಳಿದರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳಬೇಕು, ಬಣ್ಣ ಕಟ್ಟಬಾರದು.

ಆಮೇಲೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಇಂಜಿನಿಯರು, ಮನೆತನ ದೊಡ್ಡದು. ಅಮ್ಮ ಆಗಲೇ ಛತ್ರ ಯಾವುದು ಎಂದು ಯೋಚಿಸುತ್ತಿದ್ದರು. ಅವರು ಹೋದ ಮೇಲೆ ಅಪ್ಪ ನನ್ನನ್ನು ಕರೆದು, "ಏನಂತೀಯಾ?" ಅಂದರು. ನಮ್ಮ ಮನೆಯಲ್ಲಿ ಹೆಣ್ಣುಮಗಳನ್ನು ಆ ಪ್ರಶ್ನೆ ಯಾರೂ ಅದುವರೆಗೆ ಕೇಳಿರಲಿಲ್ಲ. ನಾನು ನೆಲ ನೋಡುತ್ತ, "ಬೇಡ ಅಪ್ಪ" ಅಂದೆ. ಅಮ್ಮ, "ಯಾಕಂತೆ?" ಎಂದು ಎಗರಿದರು. ಅಪ್ಪ, "ಬೇಡ ಅಂದ್ಲಲ್ಲ" ಅಂದರು. ಯಾಕೆ ಎಂದು ಆಮೇಲೂ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಘನವಾದ ಕಾರಣವೇನೂ ಇರಲಿಲ್ಲ, ನನಗೆ ಅವನ ಮೀಸೆ ಹಿಡಿಸಿರಲಿಲ್ಲ. ಯಾವ ಮೆಷಿನೂ ಅದಕ್ಕೆ ಗಂಟೆ ಹೊಡೆಯುತ್ತಿರಲಿಲ್ಲ. ವಿಶಾಲಾಕ್ಷಿಯ ಮಾತಿಗೆ ಅವತ್ತು ಸಿಗದ ನಂಬಿಕೆ ನನ್ನ ಮಾತಿಗೆ ನಮ್ಮ ಮನೆಯಲ್ಲಿ ಸುಮ್ಮನೆ ಸಿಕ್ಕಿತು.

ಇದನ್ನೆಲ್ಲ ಮೊನ್ನೆ ಸಂಜೆ ಹುರುಳಿಕಾಯಿ ಮುಗಿಯುವವರೆಗೂ ಇಂಚರಳಿಗೆ ಹೇಳಿದೆ. ಅವಳು ಪುಸ್ತಕ ಮುಚ್ಚಿ ಕೇಳಿದಳು. "ಅಜ್ಜಿ, ಅವರು ಒಪ್ಕೊಂಡಿದ್ರೆ ಸಖತ್ತಾಗಿರೋದು" ಅಂದಳು. ಹೌದು, ನನಗೂ ಹಾಗೆ ಅನ್ನಿಸಿದ್ದುಂಟು. ಆಮೇಲೆ ತಾನೇ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲು ಕಾಯಿಸಿದಳು. ಎರಡು ಲೋಟ ತಂದಿಟ್ಟು, ಎಂದಿನಂತೆ ನನ್ನ ದಾರಿಗೆ ಅಡ್ಡವಾಗದ ಹಾಗೆ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, "ಗ್ಯಾಸ್ ಆಫ್ ಮಾಡಿದೀನಿ" ಅಂದಳು.

ನನ್ನ ಎರಡೂ ಕೈ ಮೇಜಿನ ಅಂಚಿಗೆ ಹೋಗಿಯಾಗಿತ್ತು, ಮಂಡಿ ಆಗಲೇ ನೋಯತೊಡಗಿತ್ತು. ಹಾಗೇ ಕೂತೆ. ಲೋಟ ಎತ್ತಿಕೊಂಡೆ.

ಅವಳು ಕಾದಳು. "ಯಾಕಜ್ಜಿ, ಹೋಗಿ ನೋಡಲ್ವಾ?"

"ನೀನು ಹೇಳಿದ್ಯಲ್ಲ" ಅಂದೆ.

ಸುಳ್ಳು ಯಾಕೆ ಹೇಳಲಿ, ಕೂತಲ್ಲಿಂದಲೇ ಮೂಗು ತನ್ನಷ್ಟಕ್ಕೆ ತಾನು ಒಮ್ಮೆ ಮೂಸಿತು. ಕಾಲು ಮಾತ್ರ ಏಳಲಿಲ್ಲ.